ಮಸ್ಕತ್‌ನ ನೀರಿಗೆ ಮಂಗಳೂರಿನ ಸಾಬೂನು

ಒಮಾನಿನಲ್ಲಿ ಸಂಸಾರ ಹೂಡಲು ಹೊರಡುವವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಸಾರಿನ ಪುಡಿ, ಹಪ್ಪಳಗಳ ನಡುವೆ ಬಟ್ಟೆ ಸೋಪಿನ ಎರಡು ಬಿಲ್ಲೆ, ನೀಲಿಯ ಒಂದು ಬಾಟಲಿಯೂ ಜಾಗ ಹಿಡಿಯುವುದುಂಟು. ನಾಲಿಗೆಯ ಹಂಬಲ ಎಲ್ಲರಿಗೂ ಅರ್ಥವಾಗುತ್ತದೆ. ಒಗೆಯುವ ಪುಡಿಯ ಹಂಬಲದ ಬಗ್ಗೆ ಮಾತಾಡುವವರು ಕಡಿಮೆ. ಆದರೆ ಒಗೆದ ಬಟ್ಟೆಯ ಪರಿಮಳ ದಿನವಿಡೀ ಮೈಗಂಟಿಕೊಂಡಿರುತ್ತದೆ; ಮಕ್ಕಳು ತಾಯಿಯ ಸೆರಗನ್ನು ಗುರುತಿಸುವುದೂ ಆ ಪರಿಮಳದಿಂದಲೇ. ಆದ್ದರಿಂದ ಈ ಹಂಬಲವನ್ನು ಸಣ್ಣದೆಂದು ತಳ್ಳಿಹಾಕಬಾರದು. ಹಾಗಿದ್ದೂ, ಊರಿನ ಪೊಟ್ಟಣಕ್ಕಾಗಿಯೇ ಅಂಗಡಿಯಿಂದ ಅಂಗಡಿಗೆ ಅಲೆಯುವುದರ ಬದಲು ಅಲ್ಲಿನ ನೀರು, ಅಲ್ಲಿನ ಯಂತ್ರ, ಒಗೆಯಬೇಕಾದ ಬಟ್ಟೆ ಈ ಮೂರನ್ನು ನೋಡಿ ಪುಡಿ ಆರಿಸುವುದೇ ಸರಿಯಾದ ದಾರಿ.

ಊರಿನ ಸರಕು ಒಮಾನಿಗೆ ಹೊಸದೇನಲ್ಲ. ಹದಿನೆಂಟನೆಯ ಶತಮಾನದಲ್ಲೇ ಮಂಗಳೂರಿನ ಅಕ್ಕಿ ಮಸ್ಕತ್ ಬಂದರಿಗೆ ಹೋಗುತ್ತಿತ್ತು. ಟಿಪ್ಪು ಸುಲ್ತಾನ ಅಲ್ಲಿ ಮೈಸೂರಿನ ವ್ಯಾಪಾರ ಕೋಠಿಯನ್ನೇ ನಡೆಸಿದ್ದ. ಕಛ್‌ನ ಮಾಂಡ್ವಿಯಿಂದ ಹೋದ ವರ್ತಕ ಮನೆತನದ ಖಿಮ್ಜಿ ರಾಮದಾಸ್ ಸಂಸ್ಥೆ 1870ರಿಂದ ಅಲ್ಲಿ ವ್ಯಾಪಾರ ಮಾಡುತ್ತಿದೆ. 1970ರವರೆಗೆ ಅಲ್ಲಿ ಕೊಲ್ಲಿ ರೂಪಾಯಿ ಚಲಾವಣೆಯಲ್ಲಿತ್ತು. ಇಂದಿನ ರಿಯಾಲಿನ ಚಿಲ್ಲರೆಗೆ ಬೈಸಾ ಎಂದು ಹೆಸರು, ಅದು ನಮ್ಮ ಪೈಸೆಯೇ. ಹೀಗಾಗಿ ಮಸ್ಕತ್‌ನ ರೂವಿ ಬಡಾವಣೆಯ ಭಾರತೀಯ ಅಂಗಡಿಗಳಲ್ಲೋ ಲುಲುವಿನಂಥ ದೊಡ್ಡ ಮಳಿಗೆಗಳಲ್ಲೋ ಪರಿಚಿತ ಹೆಸರೊಂದು ಕಣ್ಣಿಗೆ ಬೀಳುವುದು ಕಷ್ಟವಲ್ಲ. ತೊಡಕಿರುವುದು ಆ ಹೆಸರನ್ನು ನಂಬುವುದರಲ್ಲಿ. 1959ರಲ್ಲಿ ಭಾರತಕ್ಕೆ ಬಂದ ಸರ್ಫ್‌ನ ಒಡೆಯ ಯೂನಿಲಿವರ್ ಅರಬ್ ಕೊಲ್ಲಿಯಲ್ಲಿ ಓಮೋ ಎಂಬ ಹೆಸರಿನಲ್ಲಿ ಪುಡಿ ಮಾರುತ್ತದೆ. ಪರ್ಸಿಲ್ ಎಂಬ ಹೆಸರು ಬ್ರಿಟನ್ನಿನಲ್ಲಿ ಯೂನಿಲಿವರ್‌ನದು, ಕೊಲ್ಲಿಯಲ್ಲಿ ಜರ್ಮನಿಯ ಹೆಂಕೆಲ್‌ನದು. ಇವುಗಳ ಪಕ್ಕದಲ್ಲೇ ಒಮಾನಿನಲ್ಲೇ ತಯಾರಾಗುವ ಬಹಾರ್ ಇರುತ್ತದೆ. ಒಂದೇ ಹೆಸರಿನ ಪೊಟ್ಟಣದಲ್ಲೂ ದೇಶದಿಂದ ದೇಶಕ್ಕೆ ಪರಿಮಳ, ನೊರೆ, ಕ್ಷಾರದ ಪ್ರಮಾಣ ಬೇರೆಯಾಗಬಹುದು. ಅಂದಮೇಲೆ ಹೆಸರು ಸಿಕ್ಕಿದ ಮಾತ್ರಕ್ಕೆ ಊರಿನ ಪುಡಿ ಸಿಕ್ಕಿತೆಂದು ಹೇಳಲಾಗದು.

ನಮ್ಮ ಹಿರಿಯರು ಸೋಪಿಗಿಂತ ಮೊದಲು ನೀರನ್ನು ನೋಡುತ್ತಿದ್ದರು. ಬೇಳೆ ಬೇಯದ ನೀರಿನಲ್ಲಿ ಸಾಬೂನೂ ನೊರೆಯಾಗದು ಎಂಬುದು ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಪ್ರತಿ ಮನೆಗೂ ಗೊತ್ತು. ಆಳದ ಕೊಳವೆಬಾವಿಯ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಜಿಡ್ಡಿನ ಗಸಿಯಾಗುತ್ತವೆ, ಬಟ್ಟೆ ಬೂದುಗಟ್ಟುತ್ತದೆ. ಉಡುಪಿ, ಮಂಗಳೂರಿನ ಕೆಂಪುಕಲ್ಲಿನ ಬಾವಿಗಳ ಮೆದು ನೀರಿನಲ್ಲಾದರೆ ಚೂರು ಸೋಪಿಗೇ ಬಕೆಟ್ ತುಂಬ ನೊರೆ. ಒಂದೇ ರಾಜ್ಯದೊಳಗೆ ಇಷ್ಟು ಅಂತರವಿರುವಾಗ ಕಡಲಾಚೆಯ ಮಾತೇನು? ಮಸ್ಕತ್‌ನ ನಲ್ಲಿಗಳಲ್ಲಿ ಬರುವುದು ಮುಖ್ಯವಾಗಿ ಉಪ್ಪು ತೆಗೆದ ಸಮುದ್ರದ ನೀರು. ಅಲ್ಲಿನ ಘುಬ್ರಾದ ಉಪ್ಪು ತೆಗೆಯುವ ಘಟಕ 1976ರಲ್ಲೇ ಶುರುವಾಯಿತು. ಇಂಥ ನೀರಿಗೆ ಕೊನೆಯಲ್ಲಿ ಒಂದಿಷ್ಟು ಖನಿಜ ಬೆರೆಸುತ್ತಾರೆ; ಆದರೂ ಅದರ ಗಡಸುತನ ಬಯಲುಸೀಮೆಯ ಕೊಳವೆಬಾವಿ ನೀರಿಗಿಂತ ಸಾಮಾನ್ಯವಾಗಿ ಕಡಿಮೆ. ಒಳನಾಡಿನ ನಿಜ್ವಾದ ಕಡೆ ಕಥೆಯೇ ಬೇರೆ. ಅಲ್ಲಿ ಬಾವಿಗಳಿವೆ, ಸುಣ್ಣಕಲ್ಲಿನ ಬೆಟ್ಟಗಳಿಂದ ನೀರು ತರುವ ಫಲಜ್ ಕಾಲುವೆಗಳಿವೆ. 2006ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಈ ಕಾಲುವೆಗಳಲ್ಲಿ ಮೊದಲು ಕುಡಿಯಲು, ಆಮೇಲೆ ಮೀಯಲು, ಒಗೆಯಲು, ಕೊನೆಗೆ ತೋಟಕ್ಕೆ ಎಂಬ ಕ್ರಮವಿದೆ. ಹೀಗಾಗಿ ಕೋಲಾರದ ಅಳತೆಯಲ್ಲಿ ಮಸ್ಕತ್‌ನಲ್ಲಿ ಪುಡಿ ಸುರಿದರೆ ಅದು ಬಟ್ಟೆಯಲ್ಲೇ ಉಳಿದು ಬಟ್ಟೆ ಒರಟಾಗುತ್ತದೆ. ಮಸ್ಕತ್‌ನ ಅಳತೆ ಒಳನಾಡಿನ ಗಡಸು ನೀರಿಗೆ ಸಾಲದು.

ಎರಡನೆಯದು ಯಂತ್ರ. ನೊರೆ ಹೆಚ್ಚಿದಷ್ಟೂ ಕೊಳೆ ಹೋಗುತ್ತದೆಂಬ ನಂಬಿಕೆ ಒಗೆಯುವ ಕಲ್ಲಿನ ಕಾಲದ್ದು. ಮುಂದೆ ಬಾಗಿಲಿರುವ ಯಂತ್ರದಲ್ಲಿ ಬಟ್ಟೆ ಮೇಲೆದ್ದು ಬಿದ್ದು ಶುಚಿಯಾಗುತ್ತದೆ. ನೊರೆ ತುಂಬಿಕೊಂಡರೆ ಆ ಬೀಳುವಿಕೆ ಮೆತ್ತಗಾಗಿ ಕೊಳೆ ಅಲ್ಲೇ ಉಳಿಯುತ್ತದೆ, ಜಾಲಿಸಲು ನೀರೂ ಹೆಚ್ಚು ಬೇಕಾಗುತ್ತದೆ. ಕೊಲ್ಲಿಯ ಪೊಟ್ಟಣಗಳ ಮೇಲೆ ಹೆಚ್ಚು ನೊರೆಯದೋ ಕಡಿಮೆ ನೊರೆಯದೋ ಎಂದು ಅರಬಿಯ ಜೊತೆ ಇಂಗ್ಲಿಷಿನಲ್ಲೂ ಅಚ್ಚಾಗಿರುತ್ತದೆ. ಬ್ರ್ಯಾಂಡಿನ ಹೆಸರಿಗಿಂತ ಮೊದಲು ಓದಬೇಕಾದದ್ದು ಈ ಸಾಲನ್ನು.

ಊರಿನ ಹೆಸರನ್ನು ಬಿಟ್ಟು ಹೀಗೆ ಪುಡಿ ಆರಿಸುವುದಕ್ಕೆ ಆಕ್ಷೇಪಗಳಿವೆ. ಕೂಸಿನ ಚರ್ಮಕ್ಕೆ ಒಗ್ಗಿದ ಪುಡಿಯನ್ನು ಬದಲಿಸುವುದು ಹೇಗೆ ಎಂದು ತಾಯಂದಿರು ಕೇಳುತ್ತಾರೆ. ಭಯ ನ್ಯಾಯವಾದದ್ದೇ. ಆದರೆ ಹೆಸರು ಒಂದೇ ಇದ್ದು ಒಳಗಿನ ಸಾಮಗ್ರಿ ಬೇರೆಯಿರಬಹುದಾದ್ದರಿಂದ ಹಳೆಯ ಹೆಸರು ಆ ಭಯಕ್ಕೆ ಮದ್ದಾಗದು. ಪರಿಮಳ ಕಡಿಮೆಯಿರುವುದನ್ನು ಆರಿಸಿ, ಒಂದೇ ಬಟ್ಟೆಯಲ್ಲಿ ಪರೀಕ್ಷಿಸಿ, ಒಮ್ಮೆ ಹೆಚ್ಚಾಗಿ ಜಾಲಿಸುವುದು ಮದ್ದು. ನಮ್ಮ ರೇಷ್ಮೆಗೆ ಅಲ್ಲಿನ ಪುಡಿ ಆದೀತೇ ಎಂಬುದು ಇನ್ನೊಂದು ಪ್ರಶ್ನೆ. ಆಗದು; ಇಲ್ಲಿನ ಪುಡಿಯೂ ಆಗದು. ರೇಷ್ಮೆ ಪ್ರೋಟೀನಿನ ಎಳೆ, ಪುಡಿಯೊಳಗಿನ ಕಿಣ್ವ ಕರಗಿಸುವುದೂ ಪ್ರೋಟೀನನ್ನೇ. ಮೈಸೂರು ರೇಷ್ಮೆಗೆ ಇಂದಿಗೂ ಅಂಟುವಾಳ ಒಳ್ಳೆಯದು; ಅದನ್ನು ರೀಠಾ ಎಂಬ ಹೆಸರಿನಲ್ಲಿ ಹುಡುಕಬೇಕು. ನೀಲಿಯ ವಿಷಯದಲ್ಲೂ ಹುಡುಕಾಟಕ್ಕೆ ಅರ್ಥವಿದೆ. ಹತ್ತಿಯ ಬಿಳಿ ಹಳದಿಗೆ ತಿರುಗಿದಾಗ ನೀಲಿ ಆ ಹಳದಿಯನ್ನು ಕಣ್ಣಿಗೆ ಮರೆಸುತ್ತದೆ. ಬಿಳಿ ದಿಶ್ದಾಶಾ ನಿಲುವಂಗಿ ತೊಡುವ ನಾಡಿಗೆ ಬಿಳುಪಿನ ಬೆಲೆ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ತೂಕಕ್ಕೆ ಹಗುರವಾದ, ಬದಲಿ ಸುಲಭವಾಗಿ ಸಿಗದ ಅಂಟುವಾಳಕ್ಕೂ ನೀಲಿಗೂ ಪೆಟ್ಟಿಗೆಯಲ್ಲಿ ಜಾಗ ಕೊಡಿ; ಕಿಲೋಗಟ್ಟಲೆ ಪುಡಿಯ ಜಾಗವನ್ನು ಕುಚ್ಚಲಕ್ಕಿಗೆ ಬಿಡಿ.

ಒಣಗಿಸುವುದರಲ್ಲೂ ಊರಿನ ಅನುಭವ ಕೈಹಿಡಿಯುತ್ತದೆ. ಮಸ್ಕತ್‌ನ ಬೇಸಿಗೆಯ ಬಿಸಿಲು ಬಣ್ಣವನ್ನು ಬೇಗ ತಿನ್ನುತ್ತದೆ. ಬಟ್ಟೆಯನ್ನು ಒಳಮಗ್ಗುಲಾಗಿ ಹರವಬೇಕು, ಅದೂ ಬೀದಿಗೆ ಕಾಣದಂತೆ, ಏಕೆಂದರೆ ಅಲ್ಲಿನ ನಗರಪಾಲಿಕೆ ತೆರೆದ ಬಾಲ್ಕನಿಯಲ್ಲಿ ಬಟ್ಟೆ ತೂಗುಹಾಕುವುದನ್ನು ಒಪ್ಪುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣದ ಸಲಾಲಾದಲ್ಲಿ ಖರೀಫ್ ಎಂಬ ಮಳೆಗಾಲದ ಜಿಟಿಜಿಟಿ ಮಳೆ. ಆಷಾಢದ ಕರಾವಳಿಯಂತೆ ಬಟ್ಟೆ ಒಣಗದೆ ಮುಗ್ಗುಲು ವಾಸನೆ ಹಿಡಿಯುತ್ತದೆ. ಕಡಿಮೆ ಪುಡಿ, ಚೆನ್ನಾಗಿ ಹಿಂಡುವುದು, ಗಾಳಿಯಾಡುವಂತೆ ಬಿಡಿಬಿಡಿಯಾಗಿ ಹರವುವುದು ಎಂಬ ನಮ್ಮ ಮಳೆಗಾಲದ ಪಾಠ ಅಲ್ಲೂ ನಡೆಯುತ್ತದೆ.

ಆದ್ದರಿಂದ ಹೊಸ ಮನೆಗೆ ಕಾಲಿಟ್ಟ ವಾರದಲ್ಲೇ ಒಂದು ಕೆಲಸ ಮಾಡಿ. ಬಾಟಲಿಯಲ್ಲಿ ಅರ್ಧದಷ್ಟು ನಲ್ಲಿಯ ನೀರು ಹಿಡಿದು, ಡಿಟರ್ಜೆಂಟ್ ಅಲ್ಲದ ಸಾದಾ ಸಾಬೂನಿನ ನಾಲ್ಕು ಹೆರೆ ಹಾಕಿ ಕುಲುಕಿ. ನೊರೆ ದಟ್ಟವಾಗಿ ನಿಂತರೆ ನೀರು ಮೆದು, ಪುಡಿಯ ಅಳತೆ ಇಳಿಸಿ. ನೀರು ಹಾಲಿನಂತೆ ಕದಡಿ ಗಸಿಗಟ್ಟಿದರೆ ಗಡಸು, ಪೊಟ್ಟಣದ ಮೇಲೆ ಗಡಸು ನೀರಿಗೆ ಹೇಳಿರುವ ಅಳತೆ ಹಾಕಿ. ಅಂಗಡಿಗೆ ಹೋಗುವುದು ಅದರ ನಂತರ.