ಡಿಟಾಕ್ಸ್ ಪುಡಿ ಕೊಳ್ಳುವ ಮುನ್ನ

ಹಬ್ಬದೂಟ ಮುಗಿದ ಮರುದಿನವೇ ಮೊಬೈಲ್‌ನಲ್ಲಿ ಡಿಟಾಕ್ಸ್ ಪುಡಿ, ಡಿಟಾಕ್ಸ್ ಟೀ ಜಾಹೀರಾತುಗಳು ಶುರು. ಡಿಟಾಕ್ಸ್ ಅಂದರೆ ದೇಹದ ವಿಷ ತೆಗೆಯುವುದು. ದುಡ್ಡು ಕೊಟ್ಟು ಮಾಡಿಸಬೇಕಾದ ಕೆಲಸವಲ್ಲ ಇದು. ನಿಮ್ಮ ಲಿವರ್ (ಯಕೃತ್ತು) ಮತ್ತು ಕಿಡ್ನಿ (ಮೂತ್ರಪಿಂಡ) ಹಗಲೂ ರಾತ್ರಿ ಇದನ್ನೇ ಮಾಡುತ್ತಿವೆ.

ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯನ್ನೇ ನೋಡಿ. ಕರುಳಿನಿಂದ ರಕ್ತಕ್ಕೆ ಸೇರಿದ ಔಷಧ ಮೊದಲು ಹೋಗುವುದು ಲಿವರ್‌ಗೆ. ಬಲಗಡೆ ಪಕ್ಕೆಲುಬಿನ ಕೆಳಗಿರುವ, ಒಂದೂವರೆ ಕಿಲೋದಷ್ಟು ತೂಗುವ ಅಂಗ ಅದು. ಅಲ್ಲಿನ ಕಿಣ್ವಗಳು ಔಷಧದ ಬಹುಪಾಲನ್ನು ನೀರಿನಲ್ಲಿ ಸುಲಭವಾಗಿ ಕರಗುವಂತೆ ಮಾರ್ಪಡಿಸುತ್ತವೆ. ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಸ್ವಲ್ಪ ಭಾಗ ಮಾತ್ರ ಲಿವರಿನಲ್ಲೇ ವಿಷವಾಗುತ್ತದೆ. ಗ್ಲುಟಾಥಯೋನ್ ಎಂಬ ವಸ್ತು ಅದಕ್ಕೆ ಅಂಟಿಕೊಂಡು ವಿಷ ಇಳಿಸುತ್ತದೆ. ಮಾತ್ರೆ ಅತಿಯಾದರೆ ಗ್ಲುಟಾಥಯೋನ್ ಸಾಲುವುದಿಲ್ಲ, ಲಿವರಿನ ಜೀವಕೋಶಗಳೇ ಸಾಯುತ್ತವೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು ಎನ್ನುವುದು ಇದಕ್ಕೇ. ನೆಗಡಿಯ ಎಷ್ಟೋ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಮಾತ್ರೆ ಸ್ಟ್ರಿಪ್‌ನ ಹಿಂದೆ ಬರೆದಿರುವುದನ್ನು ಓದಿ.

ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಬೇಕಾದದ್ದನ್ನೆಲ್ಲ ರಕ್ತಕ್ಕೆ ಮರಳಿಸಿ, ಒಂದೆರಡು ಲೀಟರ್ ಮಾತ್ರ ಹೊರಬಿಡುತ್ತವೆ. ಇನ್ನು ಕೆಲವು ಕಶ್ಮಲಗಳು ಪಿತ್ತರಸದ ಜೊತೆ ಕರುಳಿಗೆ ಇಳಿದು ಮಲದಲ್ಲಿ ಹೋಗುತ್ತವೆ.

ಬೆವರಿದರೆ ವಿಷ ಹೋಗುವುದಿಲ್ಲವೇ? ಲೆಕ್ಕಕ್ಕೆ ಸಿಗುವಷ್ಟು ಹೋಗುವುದಿಲ್ಲ. ಬೆವರು ಇರುವುದು ಮೈ ತಂಪು ಮಾಡಲು.

ಬೆಳಗ್ಗೆ ಸೋರೆಕಾಯಿ ಜ್ಯೂಸ್ ಕುಡಿಯುವವರೇ, ಒಂದು ಮಾತು. ರಸ ತೆಗೆಯುವ ಮುಂಚೆ ಚೂರು ಕತ್ತರಿಸಿ ನಾಲಿಗೆಗೆ ಹಚ್ಚಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಆ ಕಹಿಯಲ್ಲಿರುವುದು ಕುಕರ್ಬಿಟಾಸಿನ್ ಎಂಬ ವಿಷ. ರಕ್ತವಾಂತಿ ಆಗಿ ಪ್ರಾಣ ಹೋದದ್ದೂ ಉಂಟು. ಹಾಗೆಯೇ, ಕಿಡ್ನಿ ತೊಂದರೆ ಇರುವವರು ಧಾರೆಹುಳಿಯನ್ನು (ಸ್ಟಾರ್ ಫ್ರೂಟ್) ಹಣ್ಣಾಗಿಯಾಗಲಿ, ಜ್ಯೂಸ್ ಆಗಿಯಾಗಲಿ ಮುಟ್ಟಲೇಬಾರದು.

ಲಿವರ್, ಕಿಡ್ನಿ ಹೇಗಿವೆ ಎಂದು ತಿಳಿಯಲು ಎಲ್‌ಎಫ್‌ಟಿ ಮತ್ತು ಕ್ರಿಯಾಟಿನಿನ್ ಎಂಬ ರಕ್ತಪರೀಕ್ಷೆಗಳಿವೆ. ಖಾಸಗಿ ಲ್ಯಾಬಿನಲ್ಲಿ ಕೆಲವು ನೂರು ರೂಪಾಯಿ. ಜಿಲ್ಲಾಸ್ಪತ್ರೆಯಲ್ಲಿ ಇನ್ನೂ ಅಗ್ಗ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ನೋಡಿಸಿ.

ಕಣ್ಣು ಹಳದಿಯಾದರೆ, ಕಾಲು ಊದಿದರೆ, ಮೂತ್ರ ಕಡಿಮೆಯಾದರೆ ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ. ತೆಗೆದುಕೊಳ್ಳುತ್ತಿರುವ ಪುಡಿ, ಕಷಾಯದ ಡಬ್ಬಿಯನ್ನೂ ಒಯ್ದು ತೋರಿಸಿ.