ತಿಂಗಳ ಲೆಕ್ಕ ತಪ್ಪಿದಾಗ

ಕನ್ನಡದಲ್ಲಿ 'ತಿಂಗಳು' ಎಂಬ ಶಬ್ದಕ್ಕೆ ಚಂದ್ರನೆಂಬ ಅರ್ಥವೂ ಉಂಟು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಈ ಲೆಕ್ಕವನ್ನು ಪಂಚಾಂಗಕಾರರು ಎಷ್ಟು ವರ್ಷ ಮುಂದಕ್ಕಾದರೂ ಹಾಕಿ ಹೇಳಬಲ್ಲರು. ಸ್ತ್ರೀಯರ ಋತುಸ್ರಾವವನ್ನೂ ನಾವು 'ತಿಂಗಳ ಮುಟ್ಟು' ಎಂದೇ ಕರೆಯುತ್ತ ಬಂದಿದ್ದೇವೆ. ಇದರಿಂದ, ಅದೂ ಚಂದ್ರನಂತೆ ದಿನ ತಪ್ಪದೆ ಬರತಕ್ಕದ್ದೆಂಬ ಭಾವನೆ ಬೇರೂರಿದೆ. ಹತ್ತು ದಿನ ತಡವಾದರೆ ಹುಡುಗಿ ಹೆದರುತ್ತಾಳೆ, ಹೇಳಿಕೊಳ್ಳಲು ನಾಚುತ್ತಾಳೆ. ಇನ್ನೊಂದು ಕಡೆ, ವಾರಗಟ್ಟಲೆ ರಕ್ತ ಹೋಗಿ ಬಸವಳಿದವಳಿಗೆ 'ಹೆಣ್ಣಾದ ಮೇಲೆ ಇದೆಲ್ಲ ಇದ್ದದ್ದೇ' ಎಂಬ ಸಮಾಧಾನವಷ್ಟೇ ದೊರೆಯುತ್ತದೆ. ಅನಾವಶ್ಯಕವಾದ ಭಯ, ಅಪಾಯಕರವಾದ ಉದಾಸೀನ ಇವೆರಡಕ್ಕೂ ಮೂಲ ಒಂದೇ: ಸಹಜವಾದುದರ ಎಲ್ಲೆ ಯಾವುದೆಂದು ತಿಳಿಯದಿರುವುದು.

ಮೊದಲು ಈ ಚಕ್ರ ನಡೆಯುವ ಬಗೆಯನ್ನು ನೋಡೋಣ. ಮಿದುಳಿನ ತಳದಲ್ಲಿ ಹೈಪೊಥಲಾಮಸ್ ಎಂಬ ಕೇಂದ್ರವಿದೆ. ಅದರ ಆಜ್ಞೆಯಂತೆ ಪಿಟ್ಯುಟರಿ ಗ್ರಂಥಿಯು ತನ್ನ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಅಂಡಾಶಯವನ್ನು ಸೇರಿ ಒಂದು ಅಂಡವನ್ನು ಪಕ್ವಗೊಳಿಸುತ್ತವೆ. ಅಂಡವನ್ನು ಹೊತ್ತ ಕೋಶವು ಈಸ್ಟ್ರೊಜೆನ್ ಎಂಬ ಹಾರ್ಮೋನನ್ನು ಸ್ರವಿಸಿ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅಂಡ ಹೊರಬಿದ್ದ ಬಳಿಕ ಬರಿದಾದ ಅದೇ ಕೋಶವು ಪ್ರೊಜೆಸ್ಟರೋನ್ ಎಂಬ ಇನ್ನೊಂದು ಹಾರ್ಮೋನನ್ನೂ ಒದಗಿಸಿ ಆ ಪದರವನ್ನು ಸ್ಥಿರವಾಗಿ ನಿಲ್ಲಿಸುತ್ತದೆ. ಗರ್ಭ ನಿಲ್ಲದಿದ್ದಲ್ಲಿ ಸುಮಾರು ಹದಿನಾಲ್ಕು ದಿನಗಳಲ್ಲಿ ಕೋಶ ಬತ್ತಿಹೋಗುತ್ತದೆ. ಆಧಾರ ತಪ್ಪಿದ ಪದರವು ರಕ್ತದೊಡನೆ ಕಳಚಿ ಬೀಳುತ್ತದೆ. ಇದೇ ಋತುಸ್ರಾವ.

ಅಂಡ ಹೊರಬಿದ್ದ ಮೇಲಿನ ಅವಧಿ ಬಹುಮಟ್ಟಿಗೆ ಸ್ಥಿರವಾದುದು; ಅದಕ್ಕೆ ಮುಂಚಿನ ಅವಧಿ ಹಿಗ್ಗುವುದೂ ಕುಗ್ಗುವುದೂ ಉಂಟು. ಆದುದರಿಂದ ೨೮ ದಿನವೆಂಬುದು ಒಂದು ಸರಾಸರಿಯೇ ಹೊರತು ಶಾಸನವಲ್ಲ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಎಣಿಸುವುದು ಸರಿಯಾದ ಕ್ರಮ. ಹೀಗೆ ಎಣಿಸಿದಾಗ ಬೆಳೆದ ಸ್ತ್ರೀಯರಲ್ಲಿ ೨೧ರಿಂದ ೩೫ ದಿನ, ಹದಿವಯಸ್ಸಿನ ಹುಡುಗಿಯರಲ್ಲಿ ೨೧ರಿಂದ ೪೫ ದಿನ ಬಂದರೆ ಅದು ಸಾಮಾನ್ಯವೇ. ಸ್ರಾವವು ಎರಡರಿಂದ ಏಳು ದಿನ ಇರಬಹುದು.

ಮೈನೆರೆದ ಮೊದಲ ಎರಡು ಮೂರು ವರ್ಷ ಏರುಪೇರು ಹೆಚ್ಚು. ಇದಕ್ಕೆ ಕಾರಣವೇನು? ಹೊಸದಾಗಿ ನೊಗ ಹೂಡಿದ ಎತ್ತುಗಳು ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಳ್ಳಲು ಕೆಲಕಾಲ ಬೇಕಾಗುವಂತೆ, ಮಿದುಳು, ಪಿಟ್ಯುಟರಿ, ಅಂಡಾಶಯ ಈ ಮೂರೂ ಹೊಂದಿಕೊಳ್ಳಲು ಕಾಲ ಹಿಡಿಯುತ್ತದೆ. ಆವರೆಗೆ ಕೆಲವು ಚಕ್ರಗಳಲ್ಲಿ ಅಂಡ ಬಿಡುಗಡೆಯಾಗುವುದೇ ಇಲ್ಲ. ಅಂಡವಿಲ್ಲದೆ ಪ್ರೊಜೆಸ್ಟರೋನ್ ಇಲ್ಲ. ಅದಿಲ್ಲದೆ ಒಳಪದರವು ಅಂಕೆಯಿಲ್ಲದೆ ಬೆಳೆದು ತಡವಾಗಿ, ಕೆಲವೊಮ್ಮೆ ಅತಿಯಾಗಿ ಕಳಚುತ್ತದೆ. ತಡವಾದ ಮುಟ್ಟು ಹೆಚ್ಚಾಗಿಯೂ ಹೋಗುವುದರ ಗುಟ್ಟು ಇದೇ.

ಬೇರೆ ಕಾರಣಗಳೂ ಉಂಟು. ಊಟ ಬಿಟ್ಟು ಮೈ ಇಳಿಸಿಕೊಂಡವರಲ್ಲಿ, ಮಿತಿಮೀರಿ ವ್ಯಾಯಾಮ ಮಾಡುವವರಲ್ಲಿ, ತೀವ್ರ ಚಿಂತೆಗೊಳಗಾದವರಲ್ಲಿ ಹೈಪೊಥಲಾಮಸ್ ತನ್ನ ಆಜ್ಞೆಯನ್ನೇ ತಡೆಹಿಡಿಯುವುದುಂಟು. ಥೈರಾಯಿಡ್ ಗ್ರಂಥಿಯ ದೋಷವೂ ಲೆಕ್ಕ ತಪ್ಪಿಸಬಲ್ಲುದು. ೧೯೩೫ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ವಿವರಿಸಿದ, ಇಂದು ಪಿ.ಸಿ.ಓ.ಎಸ್. ಎಂದು ಹೆಸರಾದ ಸ್ಥಿತಿಯಲ್ಲಿ ಮುಟ್ಟು ವಿರಳವಾಗುವುದರೊಡನೆ ಮುಖದ ಮೇಲೆ ಒರಟು ಕೂದಲು ಬೆಳೆಯಬಹುದು, ಮೊಡವೆ ಹೆಚ್ಚಬಹುದು. ಆದರೆ ಹದಿವಯಸ್ಸಿನವರಲ್ಲಿ ಸ್ಕ್ಯಾನಿನ ಚಿತ್ರವೊಂದನ್ನೇ ನೆಚ್ಚಿ ಈ ನಿರ್ಣಯಕ್ಕೆ ಬರಲಾಗದು. ಆ ವಯಸ್ಸಿನ ಆರೋಗ್ಯವಂತ ಅಂಡಾಶಯದಲ್ಲೂ ಅನೇಕ ಸಣ್ಣ ಕೋಶಗಳು ಕಾಣುವುದು ಸಹಜ.

ಉದಾಸೀನದ ಬೆಲೆ ಎಷ್ಟೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇವೆ. ೧೯೨೬ರಲ್ಲಿ ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್, ರಕ್ತ ಸರಿಯಾಗಿ ಹೆಪ್ಪುಗಟ್ಟದ ಆನುವಂಶಿಕ ರೋಗವೊಂದನ್ನು ವರ್ಣಿಸಿದನು. ಅವನು ಪರೀಕ್ಷಿಸಿದ್ದ ಓಲಾಂಡ್ ದ್ವೀಪಗಳ ಬಾಲಕಿಯೊಬ್ಬಳು ಮುಂದೆ ತನ್ನ ನಾಲ್ಕನೆಯ ಮುಟ್ಟಿನಲ್ಲಿ ರಕ್ತ ನಿಲ್ಲದೆ ತೀರಿಕೊಂಡಳು. ಅಂದು ಚಿಕಿತ್ಸೆ ಇರಲಿಲ್ಲ; ಇಂದು ಇದೆ. ಇಂಥ ರೋಗವುಳ್ಳ ಹುಡುಗಿಯರಲ್ಲಿ ಅತಿಸ್ರಾವವೇ ಎಷ್ಟೋ ವೇಳೆ ಮೊದಲ ಸೂಚನೆ. ನಮ್ಮ ದೇಶದಲ್ಲಂತೂ ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ೧೫ರಿಂದ ೧೯ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ ೫೯ ಮಂದಿಗೆ ರಕ್ತಹೀನತೆಯಿತ್ತು. ಮೊದಲೇ ರಕ್ತ ಕಡಿಮೆಯಿರುವವರಿಗೆ ಅತಿಸ್ರಾವವು ಇಮ್ಮಡಿ ನಷ್ಟ.

ಹಾಗಾದರೆ ವೈದ್ಯರನ್ನು ಯಾವಾಗ ಕಾಣಬೇಕು? ಹದಿನೈದು ತುಂಬಿದರೂ ಮೈನೆರೆಯದಿದ್ದರೆ. ಮೊದಲ ವರ್ಷ ಕಳೆದ ಮೇಲೂ ಅಂತರವು ೨೧ ದಿನಕ್ಕಿಂತ ಕಡಿಮೆ ಅಥವಾ ೪೫ ದಿನಕ್ಕಿಂತ ಹೆಚ್ಚು ಆಗುತ್ತಿದ್ದರೆ. ಒಂದೇ ಒಂದು ಸಲವಾದರೂ ೯೦ ದಿನ ಮೀರಿದರೆ. ಸ್ರಾವವು ಏಳು ದಿನ ದಾಟಿದರೆ. ಓದು ಕೆಲಸಗಳನ್ನು ಬಿಟ್ಟು ಮಲಗುವಷ್ಟು ನೋವಿದ್ದರೆ. ಮೈತೂಕ ಬಹಳವಾಗಿ ಇಳಿದರೆ ಅಥವಾ ಮುಖದಲ್ಲಿ ಒರಟು ಕೂದಲು ಮೂಡಿದರೆ ವೈದ್ಯರ ಸಲಹೆ ಪಡೆಯತಕ್ಕದ್ದು. ಗರ್ಭ ನಿಂತಿರುವ ಸಂಭವವಿದ್ದಲ್ಲಿ ಸಂಕೋಚ ಬಿಟ್ಟು ಬೇಗನೆ ಪರೀಕ್ಷಿಸಿಕೊಳ್ಳಬೇಕು. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡು ತೊಯ್ದುಹೋಗುತ್ತಿದ್ದರೆ, ತಲೆಸುತ್ತು ಬಂದರೆ, ಜ್ವರದೊಡನೆ ಕಿಬ್ಬೊಟ್ಟೆ ತೀವ್ರವಾಗಿ ನೋಯುತ್ತಿದ್ದರೆ ನಾಳೆಗೆ ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು.

ವೈದ್ಯರ ಪರೀಕ್ಷೆಗೆ ಅಂಜಬೇಕಾದುದಿಲ್ಲ. ಅವರು ಮೊದಲು ದಿನಗಳ ಲೆಕ್ಕ ಕೇಳುತ್ತಾರೆ; ರಕ್ತವನ್ನು ಪರೀಕ್ಷಿಸಿ ಹಿಮೋಗ್ಲೋಬಿನ್, ಥೈರಾಯಿಡ್ ಮುಂತಾದುವನ್ನು ನೋಡುತ್ತಾರೆ; ಅಗತ್ಯವಾದರೆ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್ ಮಾಡಿಸುತ್ತಾರೆ. ಹದಿವಯಸ್ಸಿನ ಹುಡುಗಿಯರಿಗೆ ಒಳಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಹಬ್ಬ, ಮದುವೆಗಳ ದಿನ 'ಹೊರಗಾಗ'ದಿರಲೆಂದು ಔಷಧದ ಅಂಗಡಿಯಿಂದ ತಾವೇ ಗುಳಿಗೆ ತಂದು ನುಂಗುವ ರೂಢಿ ನಮ್ಮಲ್ಲಿದೆ. ಅದರಲ್ಲಿರುವುದು ಪ್ರೊಜೆಸ್ಟರೋನನ್ನು ಹೋಲುವ ಹಾರ್ಮೋನು. ಅದು ಎಲ್ಲರಿಗೂ ಹಿತವಲ್ಲ. ದೇಹದ ನಿಜವಾದ ಲೆಕ್ಕವನ್ನೂ ಮರೆಮಾಡುತ್ತದೆ. ವೈದ್ಯರನ್ನು ಕೇಳದೆ ಅದನ್ನು ತೆಗೆದುಕೊಳ್ಳಲಾಗದು.

ಮಾಡಬೇಕಾದ ಕೆಲಸ ಬಹಳ ಸುಲಭ. ಮುಟ್ಟು ಬಂದ ದಿನವನ್ನೂ ನಿಂತ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತುಹಾಕಿಕೊಂಡರಾಯಿತು. ನಾಡಿಬಡಿತ, ಮೈಕಾವುಗಳಂತೆ ಋತುಚಕ್ರವನ್ನೂ ಆರೋಗ್ಯದ ಒಂದು ಮುಖ್ಯ ಲಕ್ಷಣವೆಂದು ವೈದ್ಯರು ಇಂದು ಎಣಿಸುತ್ತಾರೆ. ಜ್ವರವನ್ನು ಬಚ್ಚಿಡದ ನಾವು ಇದನ್ನೇಕೆ ಬಚ್ಚಿಡಬೇಕು? ಮನೆಯ ಅಣ್ಣತಮ್ಮಂದಿರೂ ಈ ವಿಷಯವನ್ನು ತಿಳಿದಿದ್ದರೆ, ಸಂಕಟದ ದಿನ ಅಕ್ಕತಂಗಿಯರನ್ನು ಆಸ್ಪತ್ರೆಗೆ ಕರೆದೊಯ್ಯಲು ಹಿಂಜರಿಯಲಾರರು.