ಚಿತ್ರಕಾರನಿಗೆ ತನ್ನೂರಿನಲ್ಲಿ ಒಂದು ಗೋಡೆ

ಕವಿಯಾದವನು ತನ್ನ ಕವಿತೆಯನ್ನು ಜೇಬಿನಲ್ಲಿಟ್ಟುಕೊಂಡು ಯಾವ ಊರಿಗಾದರೂ ಹೋಗಬಹುದು. ಗಾಯಕನು ಕುಳಿತಲ್ಲಿಯೇ ಸಭೆ ಕೂಡೀತು. ಚಿತ್ರಕಾರನ ಸ್ಥಿತಿ ಹಾಗಲ್ಲ. ಅವನಿಗೆ ಗೋಡೆ ಬೇಕು, ತಕ್ಕ ಬೆಳಕು ಬೇಕು, ನೋಡುವವರು ನಿಧಾನವಾಗಿ ನಡೆದಾಡುವುದಕ್ಕೆ ಸ್ಥಳ ಬೇಕು. ಇವು ಮೂರೂ ದೊರೆಯದಿದ್ದರೆ ಹತ್ತು ವರ್ಷಗಳ ಪರಿಶ್ರಮವೂ ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಪಟ್ಟಣಗಳೂ ಬೆಂಗಳೂರಿನಿಂದ ಸುಮಾರು ಐವತ್ತು ಅರವತ್ತು ಕಿಲೋಮೀಟರುಗಳಲ್ಲಿವೆ. ಈ ಸಾಮೀಪ್ಯವು ಅನೇಕ ವಿಷಯಗಳಲ್ಲಿ ವರವೆನಿಸಿದರೂ ಚಿತ್ರಕಲೆಯ ವಿಷಯದಲ್ಲಿ ಅಷ್ಟು ಹಿತಕರವಾಗಿಲ್ಲ. ಪ್ರದರ್ಶನವೆಂದೊಡನೆ ಇಲ್ಲಿಯ ಚಿತ್ರಕಾರನು ರಾಜಧಾನಿಯತ್ತ ಮುಖಮಾಡುತ್ತಾನೆ. ಅವನ ನೆರೆಹೊರೆಯವರು ಅವನ ಕೃತಿಗಳನ್ನು ಕಾಣದೆಯೇ ಉಳಿಯುತ್ತಾರೆ. ಇದು ಯುಕ್ತವೆ ಎಂಬುದನ್ನು ವಾಚಕ ಮಹಾಶಯರು ಆಲೋಚಿಸಬೇಕು.

ಈ ಸೀಮೆಯವರಿಗೆ ಬಣ್ಣದ ಪರಿಚಯವಿಲ್ಲವೆಂದು ಯಾರೂ ಹೇಳಲಾರರು. ಹಾಲೆಮರದ ತುಂಡನ್ನು ಕಡೆಯುವ ಯಂತ್ರಕ್ಕೆ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಬಣ್ಣವನ್ನು ಒತ್ತಿ, ಒಣಗಿದ ಗರಿಯಿಂದ ಉಜ್ಜಿ ಹೊಳಪೇರಿಸುವ ಚನ್ನಪಟ್ಟಣದ ಕುಶಲಿಗಳು ಲೋಕವಿಖ್ಯಾತರು. ರಷ್ಯಾದಲ್ಲಿ 1904ರಲ್ಲಿ ಹುಟ್ಟಿದ ಸ್ವೆತೊಸ್ಲಾವ್ ರೋರಿಕ್ ಮಹಾಶಯರು ಕನಕಪುರದ ರಸ್ತೆಯಲ್ಲಿರುವ ತಾತಗುಣಿಯ ತೋಟದಲ್ಲಿ ನೆಲೆಸಿ, 1993ರಲ್ಲಿ ತೀರಿಕೊಳ್ಳುವವರೆಗೂ ಈ ನಾಡಿನವರಾಗಿಯೇ ಇದ್ದರು. ಅವರ ಚಿತ್ರಗಳನ್ನು ನೋಡಬೇಕಾದರೆ ಮಾತ್ರ ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಹೋಗಬೇಕು. ಬಣ್ಣವು ಇಲ್ಲಿ ಹುಟ್ಟುವುದು, ಕಣ್ಣಿಗೆ ಬೀಳುವುದು ಮತ್ತೊಂದು ಕಡೆ ಎಂಬಂತಾಗಿದೆ.

ಏಕವ್ಯಕ್ತಿ ಪ್ರದರ್ಶನವೆಂದರೆ ನಾಲ್ಕು ಚಿತ್ರಗಳನ್ನು ಮೊಳೆಗೆ ತೂಗುಹಾಕುವುದೆಂದು ಅನೇಕರು ಭಾವಿಸಿದ್ದಾರೆ. ಹತ್ತು ಜನರ ಪ್ರದರ್ಶನದಲ್ಲಿ ಒಬ್ಬನ ದೌರ್ಬಲ್ಯವು ಮತ್ತೊಬ್ಬನ ಸಾಮರ್ಥ್ಯದ ಮರೆಯಲ್ಲಿ ಅಡಗೀತು. ಒಬ್ಬನೇ ನಿಂತಾಗ ಮರೆಯೆಂಬುದಿಲ್ಲ. ಆದ್ದರಿಂದ ಮೊದಲನೆಯ ಕೆಲಸವೇ ಅತ್ಯಂತ ಕಠಿನವಾದುದು: ಅರವತ್ತು ಚಿತ್ರಗಳನ್ನು ಬರೆದವನು ಇಪ್ಪತ್ತೈದನ್ನು ಆರಿಸಿ ಉಳಿದುವನ್ನು ಮನೆಯಲ್ಲಿ ಬಿಡಬೇಕು. ಪ್ರಿಯವಾದುದನ್ನೂ, ಹೆಚ್ಚು ದಿನ ಹಿಡಿದುದನ್ನೂ ಬಿಡಬೇಕಾಗಬಹುದು. ಆರಿಸಿದವುಗಳಿಗೆ ಚೌಕಟ್ಟು ಆಗಬೇಕು. ಜಲವರ್ಣದ ಚಿತ್ರಕ್ಕೆ ಗಾಜು ಅವಶ್ಯಕ. ಆದರೆ ಗಾಜು ಕಾಗದಕ್ಕೆ ತಗುಲದಂತೆ ನಡುವೆ ದಪ್ಪ ರಟ್ಟಿನ ಅಂಚನ್ನಿಡಬೇಕು. ಇಲ್ಲದಿದ್ದರೆ ಮಳೆಗಾಲದ ತೇವವು ಒಳಗೆ ಕುಳಿತು ಬೂಷ್ಟು ಹಿಡಿಯುವುದು. ಸಾಗಿಸುವಾಗ ಚಿತ್ರಗಳನ್ನು ಮಲಗಿಸದೆ ನಿಲ್ಲಿಸಿ, ಮುಖಕ್ಕೆ ಮುಖ ಸೇರಿಸಿ, ನಡುವೆ ಮೆತ್ತನೆಯದನ್ನಿಟ್ಟು ಕಟ್ಟುವುದು ಅನುಭವಿಗಳ ಕ್ರಮ.

ಚಿತ್ರಶಾಲೆಗೆ ತಂದ ಮೇಲೆ ಕೂಡಲೇ ಸುತ್ತಿಗೆ ಹಿಡಿಯಬಾರದು. ಎಲ್ಲವನ್ನೂ ಗೋಡೆಯ ಬುಡದಲ್ಲಿ ಒರಗಿಸಿ, ಬಾಗಿಲಿನಿಂದ ಒಳಬರುವವನ ಕಣ್ಣಿಗೆ ಯಾವುದು ಮೊದಲು ಬೀಳಬೇಕು, ಯಾವುದರ ಪಕ್ಕದಲ್ಲಿ ಯಾವುದು ಕಳೆಗುಂದುತ್ತದೆ ಎಂಬುದನ್ನು ನೋಡಿ, ಹತ್ತಾರು ಬಾರಿ ಸ್ಥಳ ಬದಲಾಯಿಸಿದ ಮೇಲೆ ಅನುಕ್ರಮವು ಸಿದ್ಧಿಸುತ್ತದೆ. ಚಿತ್ರದ ನಡುಭಾಗವು ನೆಲದಿಂದ ಸುಮಾರು 58 ಅಂಗುಲದ ಎತ್ತರದಲ್ಲಿ, ಅಂದರೆ ನಿಂತವನ ಕಣ್ಣಿನ ಮಟ್ಟಕ್ಕೆ ಇರಬೇಕು. ನಮ್ಮ ಕಛೇರಿಗಳಲ್ಲಿ ಪಟಗಳನ್ನು ಸೂರಿನ ಹತ್ತಿರ ಬಾಗಿಸಿ ತೂಗುಹಾಕುವ ಪದ್ಧತಿಯು ಪೂಜ್ಯಭಾವಕ್ಕೆ ಸರಿಯಾಗಿರಬಹುದು, ನೋಟಕ್ಕೆ ಸಲ್ಲದು. ಎರಡು ಚಿತ್ರಗಳ ನಡುವೆ ಬರಿಗೋಡೆ ಇರಲೇಬೇಕು. ಗದ್ಯಕ್ಕೆ ವಿರಾಮಚಿಹ್ನೆ ಹೇಗೋ ಚಿತ್ರಕ್ಕೆ ಆ ಬರಿಗೋಡೆ ಹಾಗೆ.

ಇನ್ನು ಬೆಳಕು. ಜಲವರ್ಣಗಳಿಗೆ 50 ಲಕ್ಸ್, ತೈಲವರ್ಣಗಳಿಗೆ 200 ಲಕ್ಸ್ ಎಂಬುದು ವಸ್ತುಸಂಗ್ರಹಾಲಯಗಳವರು ಸಾಮಾನ್ಯವಾಗಿ ಅನುಸರಿಸುವ ಮಿತಿ. ನೇರ ಬಿಸಿಲಂತೂ ಬಣ್ಣಕ್ಕೆ ಶತ್ರು. ಬೆಳಕಿನ ಏರ್ಪಾಡು ಏನನ್ನು ಸಾಧಿಸಬಲ್ಲುದೆಂಬುದನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಳದನ್‌ಕರರ ದೀಪ ಹಿಡಿದ ಸ್ತ್ರೀಯ ಚಿತ್ರವನ್ನು ಮಬ್ಬುಗತ್ತಲಲ್ಲಿ ನೋಡಿದವರು ಬಲ್ಲರು. ಬಣ್ಣವನ್ನು ಹಚ್ಚಿದುದು ಕಲಾವಿದ. ದೀಪವು ಉರಿಯುತ್ತಿದೆಯೆಂಬ ಭ್ರಾಂತಿಗೆ ಆ ಕೊಠಡಿಯೂ ನೆರವಾಗಿದೆ.

ಇಷ್ಟೆಲ್ಲಕ್ಕೂ ವೆಚ್ಚವುಂಟು. ಭವನದ ಬಾಡಿಗೆ, ಚೌಕಟ್ಟು, ವಾಹನ, ಆಹ್ವಾನಪತ್ರಿಕೆ, ಪರಸ್ಥಳದಲ್ಲಿ ಊಟ ವಸತಿ ಇವೆಲ್ಲವನ್ನೂ ಒಂದು ಚಿತ್ರವಾದರೂ ಮಾರಾಟವಾಗುವುದಕ್ಕೆ ಮುಂಚೆಯೇ ಚಿತ್ರಕಾರನು ಕೈಯಿಂದ ತೆರಬೇಕು. ಮೊದಲನೆಯ ಪ್ರದರ್ಶನದ ಸಾಲವನ್ನು ತೀರಿಸುವುದರಲ್ಲಿಯೇ ಎರಡನೆಯದರ ಉತ್ಸಾಹವು ಉಡುಗಿಹೋದರೆ ಆಶ್ಚರ್ಯವೇನು?

"ನಮ್ಮ ಊರಿನಲ್ಲಿ ಚಿತ್ರ ನೋಡುವುದಕ್ಕೆ ಯಾರು ಬರುತ್ತಾರೆ?" ಎಂದು ಕೆಲವರು ಕೇಳಬಹುದು. 1938ರಲ್ಲಿ ಹರಿಪುರದ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯವರು ನಂದಲಾಲ ಬೋಸರನ್ನು ಕರೆಯಿಸಿಕೊಂಡಾಗ ಈ ಪ್ರಶ್ನೆಗೆ ಉತ್ತರ ದೊರೆಯಿತು. ಬೋಸರು ನಮ್ಮ ಮೈಸೂರಿನ ಕೆ. ವೆಂಕಟಪ್ಪನವರೊಡನೆ ಅವನೀಂದ್ರನಾಥ ಠಾಕೂರರಲ್ಲಿ ಕಲಿತವರು. ಅವರು ಹಳ್ಳಿಗರ ದಿನನಿತ್ಯದ ಬದುಕನ್ನು ಎಂಬತ್ತಕ್ಕೂ ಮಿಕ್ಕ ಫಲಕಗಳಲ್ಲಿ ಬರೆದು ಹಳ್ಳಿಗರ ಕಣ್ಣೆದುರಿಗೇ ಇರಿಸಿದರು. ಜನರು ಚಿತ್ರಶಾಲೆಗೆ ಬರಲೆಂದು ಕಾಯಲಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ದಿನವೂ ಕೈಯಲ್ಲಿ ಗೂಡನ್ನು ಹಿಡಿದು ಬಣ್ಣ, ಬಿಗಿ, ಹೊಳಪುಗಳನ್ನು ಕ್ಷಣಮಾತ್ರದಲ್ಲಿ ನಿರ್ಣಯಿಸುವ ಕಣ್ಣುಗಳಿಗೆ ಚಿತ್ರವನ್ನು ನೋಡುವ ಯೋಗ್ಯತೆಯಿಲ್ಲವೆನ್ನುವುದು ಅವಿವೇಕ.

ಆದುದರಿಂದ ನಾವು ಸೂಚಿಸುವುದು ದೊಡ್ಡ ಯೋಜನೆಯನ್ನಲ್ಲ. ನಾಲ್ಕು ಪಟ್ಟಣಗಳಲ್ಲಿಯೂ ಸ್ಥಳೀಯ ಸಂಸ್ಥೆಯವರು ತಮ್ಮ ವಶದಲ್ಲಿರುವ ಯಾವುದಾದರೂ ಒಂದು ಸಭಾಂಗಣದ ಗೋಡೆಗಳಿಗೆ ಬಿಳಿಯ ಬಣ್ಣ ಹೊಡೆಯಿಸಿ, ಮೇಲ್ಗಡೆ ಉದ್ದಕ್ಕೂ ಕಂಬಿ ಹಾಯಿಸಿ, ಹತ್ತಿಪ್ಪತ್ತು ದೀಪಗಳನ್ನಿಟ್ಟು, ವರ್ಷದಲ್ಲಿ ಕೆಲವು ವಾರಗಳ ಕಾಲ ಸ್ಥಳೀಯ ಚಿತ್ರಕಾರರಿಗೆ ಬಾಡಿಗೆಯಿಲ್ಲದೆ ಕೊಡಲಿ. ಕಂಬಿಯಿಂದ ತಂತಿ ಇಳಿಬಿಟ್ಟರೆ ಗೋಡೆಗೆ ಮೊಳೆ ಹೊಡೆಯುವ ಪ್ರಮೇಯವೇ ಇಲ್ಲ. ಶಾಲೆಗಳ ಉಪಾಧ್ಯಾಯರು ಮಕ್ಕಳನ್ನು ಸಾಲಾಗಿ ಕರೆತರಲಿ. ಅನುಕೂಲಸ್ಥರು ಮನೆಗೊಂದು ಚಿತ್ರವನ್ನು ಕೊಳ್ಳಲಿ.

ಇದು ಅಧಿಕಾರವರ್ಗದವರಿಗೆ ಮೀರಿದ ಕೆಲಸವೂ ಅಲ್ಲ. ಸರ್ಕಾರದ ಉನ್ನತ ಹುದ್ದೆಗಳಲ್ಲಿದ್ದ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ 1994ರಲ್ಲಿ ನಾಡಿಗೆ ಒಪ್ಪಿಸಿದರು. ಬೀಸುವ ಕಲ್ಲು, ಒನಕೆ, ನೇಗಿಲುಗಳು ಕೂಡ ಯೋಗ್ಯವಾದ ಸ್ಥಳದಲ್ಲಿಟ್ಟಾಗ ಹೇಗೆ ಮಾತನಾಡುತ್ತವೆಂಬುದನ್ನು ಅಲ್ಲಿ ಕಾಣಬಹುದು. ಪತ್ರಿಕಾವೃತ್ತಿಗೂ ಈ ಕಲೆಗೂ ಇರುವ ನಂಟಿಗೆ ಸ್ವಾತಂತ್ರ್ಯ ಯೋಧರೂ "ತಾಯಿನಾಡು" ಪತ್ರಿಕೆಯ ಸಂಪಾದಕರೂ ಆಗಿದ್ದ ರುಮಾಲೆ ಚನ್ನಬಸವಯ್ಯನವರ ಜಲವರ್ಣಗಳೇ ಸಾಕ್ಷಿ. ಅದೇ ವೃತ್ತಿಯವರಾದ ನಾವು, ಯಾವ ಪಟ್ಟಣವು ಮೊದಲು ತನ್ನ ಗೋಡೆಯನ್ನು ಚಿತ್ರಕಾರನಿಗೆ ಬಿಟ್ಟುಕೊಡುವುದೋ ಆ ಪಟ್ಟಣದ ಪ್ರದರ್ಶನದ ವಿವರವನ್ನು ಇದೇ ಪುಟದಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ. ಪುರಸಭೆ, ನಗರಸಭೆಗಳ ಸದಸ್ಯ ಮಹಾಶಯರು ತಮ್ಮ ಮುಂದಿನ ಸಭೆಯಲ್ಲಿಯೇ ಈ ವಿಷಯವನ್ನು ಎತ್ತಬೇಕೆಂದು ಪ್ರಾರ್ಥಿಸುತ್ತೇವೆ.